ಫ್ರಿಜ್ಜಿನಲ್ಲಿಟ್ಟ ಕರಿ ಪರಾಗ

ನಮ್ಮ ಭಾವನಂಥ ಜುಗ್ಗನನ್ನು ನಾನು ಕಂಡಿಲ್ಲ. ಎದುರಿಗೆ ‘ನೀವು’ ಅನ್ನುತ್ತೇನೆ, ಅಕ್ಕನ ಮುಖ ನೋಡಿ. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿ ಒತ್ತಿ ನಿವೃತ್ತನಾದ ಮೇಲೆ ಅವನಿಗೆ ಐರಿಸ್ ಹೂವಿನ ಹುಚ್ಚು ಹಿಡಿಯಿತು. ಹಿಡಿಯಲಿ, ಯಾರು ಬೇಡವೆಂದರು? ಆದರೆ ಲೋಕದಲ್ಲಿಲ್ಲದ ಬಣ್ಣದ ಹೂ ಹುಟ್ಟಿಸಿ ಅದಕ್ಕೆ ತನ್ನ ಹೆಸರಿಡಬೇಕಂತೆ! ಅಂಗೈಯಗಲ ಹಿತ್ತಲು, ಆಕಾಶದಗಲ ಜಂಬ.

ಅವನ ಕರಿ ಐರಿಸ್ ಬೇಗ ಅರಳಿ ಉದುರುತ್ತಿತ್ತು, ಹಳದಿಯದು ಬಹಳ ತಡ. ಎರಡನ್ನೂ ಕೂಡಿಸಬೇಕಾದರೆ ಕರಿಯದರ ಪರಾಗ ಕಾದಿಡಬೇಕು. ಆ ಕೆಲಸದಲ್ಲಿ ಗಟ್ಟಿಗ, ಒಪ್ಪುತ್ತೇನೆ. ಚಿಮಟದಿಂದ ಕೇಸರ ಕಿತ್ತು, ಕಾಗದದ ಮೇಲೆ ನೆರಳಲ್ಲಿ ಒಣಗಿಸಿ, ಮಾತ್ರೆ ಸೀಸೆಗೆ ತುಂಬುತ್ತಿದ್ದ. ಹೊಸ ಬೂಟಿನ ಡಬ್ಬಿಯಲ್ಲಿ ಬರುವ, ತೇವ ಹೀರುವ ಪೊಟ್ಟಣವನ್ನು ಅಂಗಡಿಯವನಿಗೆ ಹಲ್ಲುಗಿಂಜಿ ತಂದು ಒಳಗಿಡುತ್ತಿದ್ದ. ಆಮೇಲೆ ಫ್ರಿಜ್ಜು. ಅಕ್ಕನ ಬೆಣ್ಣೆ ಹೊರಗೆ ಕರಗಿದರೂ ಚಿಂತೆಯಿಲ್ಲ.

ಈ ವರ್ಷ ಹೂ ಮುಗಿದದ್ದೇ ತಡ, ಕರಿ ಗಿಡದ ಗಡ್ಡೆ ಕೊಳೆತುಹೋಯಿತು. ಉಳಿದದ್ದು ಒಂದೇ ಸೀಸೆ ಪರಾಗ. ಪಕ್ಕದ ಮನೆಯ ಫೋಟೋಗ್ರಾಫರ್ ಗೋಡೆಯಾಚೆಯಿಂದ ಕೇಳಿದ: “ಸಾರ್, ನನ್ನ ಬಿಳಿ ಐರಿಸ್ ಅರಳಿದೆ. ಒಂದು ಚಿಟಿಕೆ ಕೊಡಿ. ಬೀಜ ಕಟ್ಟಿದ್ರೆ ಇಬ್ರಿಗೂ ಆಗುತ್ತೆ.”

ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಪರಾಗ ಕೊಟ್ಟಾನೆಯೇ? “ಎಲ್ಲಾ ಖಾಲಿ ಕಣ್ರೀ” ಅಂದ. ಅಷ್ಟಕ್ಕೆ ನಿಲ್ಲಲಿಲ್ಲ. ಆತ ಬಂದಾಗ ಕದ್ದಾನೆಂದು ಹೆದರಿ ಸೀಸೆಗೆ ಚೀಟಿ ಅಂಟಿಸಿದ: ‘ಹಾಳಾಗಿದೆ, ಎಸೆಯುವುದು’. ಏನು ತಲೆ! ಹೆಂಡತಿಗೂ ಹೇಳಲಿಲ್ಲ, ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲವಂತೆ.

ಹಳದಿ ಹೂ ಅರಳಿದ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಭಾವ ಬ್ರಷ್ ಹಿಡಿದು, ಮದುಮಗನ ಠೀವಿಯಲ್ಲಿ ಫ್ರಿಜ್ಜಿನ ಬಾಗಿಲು ತೆಗೆದ.

“ಎಲ್ಲೇ ನನ್ನ ಸೀಸೆ?”

“ಎಸೆದೆ,” ಅಂದಳು ಅಕ್ಕ. “ನೀವೇ ಬರೆದಿದ್ರಲ್ಲ. ಚೀಟಿ ಓದದೆ ಏನೂ ಮುಟ್ಟಬೇಡ ಅಂತ ದಿನಾ ಬಯ್ಯೋರೂ ನೀವೇ. ಓದಿದೆ, ಎಸೆದೆ.”

ನನಗೆ ಅಯ್ಯೋ ಅನ್ನಿಸಲಿಲ್ಲ. ನಗು ತಡೆಯಲು ಹಿತ್ತಲಿಗೆ ಹೋದೆ. ಸ್ವಲ್ಪ ಹೊತ್ತಿಗೆ ಭಾವನೂ ಬಂದ, ನಾಚಿಕೆ ಬಿಟ್ಟು ಗೋಡೆಯ ಮೇಲೆ ಬಗ್ಗಿದ. ಆಚೆ ಬಿಳಿ ಐರಿಸ್ ಬೀಜ ಕಟ್ಟದೆ ಒಣಗಿ ನಿಂತಿತ್ತು.

“ಏನ್ರೀ, ಆ ಕರಿ ಹೂವಿನ ಪರಾಗ... ನಿಮ್ಮ ಹತ್ರ ಒಂದು ಚಿಟಿಕೆ ಏನಾದ್ರೂ...”

“ನೀವು ಕೊಟ್ಟಿದ್ರೆ ತಾನೆ ಸಾರ್ ಇರೋದು?” ಅಂದ ಫೋಟೋಗ್ರಾಫರ್.