ಆಯಿಯ ಕೈ ಬಿದ್ದ ಜಾಗ

ಮಿರಜದಲ್ಲಿ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಅಲಖನೂರಿಗೆ ಬಂದ ಮೇಲೆ ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಒಂದೇ ಹಟ: ಸ್ನಾನಕ್ಕೆ ತಾನೊಬ್ಬಳೇ ಹೋಗಬೇಕು. ಅವ್ವ ರಟ್ಟೆ ಹಿಡಿದು ಎಬ್ಬಿಸುವಾಗಲೆಲ್ಲ ಆಕೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಅದಕ್ಕೇ ನಾನು ಅಥಣಿಯಿಂದ, ಹಿಡಿದು ಏಳಲು ಗೋಡೆಗೆ ಹಾಕುವ ಒಂದು ಸ್ಟೀಲಿನ ಹಿಡಿಕೆ ತಂದೆ. ಡಬ್ಬಿಯೊಳಗಿನ ಕಾಗದದಲ್ಲಿ ಎತ್ತರ ಬರೆದಿತ್ತು. ಅಳೆದು ಬಚ್ಚಲಿನ ಟೈಲ್ಸ್ ಮೇಲೆ ಪೆನ್ಸಿಲಿನಿಂದ ಚುಕ್ಕೆ ಇಟ್ಟೆ.

ಅದನ್ನು ಕೂಡಿಸಲು ಕರೆಸಿದ್ದ ಗೌಂಡಿ ಬಂದವನೇ ಬೆರಳ ಗಂಟಿನಿಂದ ಅಲ್ಲಿ ತಟ್ಟಿದ. “ಇಲ್ಲಿ ಪೊಳ್ಳ ಐತಿ ತಂಗಿ. ಹಿಂದ ಸಿಮೆಂಟ್ ಇಲ್ಲ.”

“ಸಪ್ಪಳ ಸಾಕ್ಷಿ ಆಗೂದಿಲ್ರಿ. ಬಾಜೂ ಟೈಲ್ಸೂ ಹಂಗ ಕೇಳಿಸ್ತು,” ಎಂದೆ ನಾನು.

“ನನಗ ಬ್ಯಾರೆ ಕೇಳಿಸ್ತು.”

“ನಿಮಗ ಕೇಳಿಸಿದ್ದು ನನಗ ತೋರಸ್ರಿ ಮತ್ತ.”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಿನವರ ಬಾಯಿ ನಾನು ಮುಚ್ಚಿಸುತ್ತಿದ್ದುದು ಇಂಥ ಪ್ರಶ್ನೆಯಿಂದಲೇ. ಆತನೂ ವಾದ ಬಿಟ್ಟು ಚೀಲ ಬಿಚ್ಚಿದ. ಚುಕ್ಕೆಯ ಮೇಲೆ ಟೇಪು ಅಂಟಿಸಿದ, ಟೈಲ್ಸ್ ಬಿರಿಯದಂತೆ ಡ್ರಿಲ್ಲಿನ ಕುಟ್ಟುವ ಹೊಡೆತ ಬಂದ್ ಮಾಡಿದ, ನೀರು ಚಿಮುಕಿಸುತ್ತ ನಿಧಾನಕ್ಕೆ ಕೊರೆದ. ಟೈಲ್ಸ್ ಒಡೆಯಲಿಲ್ಲ. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಡ್ರಿಲ್ಲಿನ ಮೂತಿ ದಡಕ್ಕನೆ ಒಳಗೆ ಹೋಯಿತು. ಸ್ಕ್ರೂ ಹಾಕಿ ತಿರುಗಿಸಿದರೆ ಅದು ತಿರುಗುತ್ತಲೇ ಇತ್ತು. ನಮ್ಮ ಮನೆ ಕಟ್ಟಿದವರು ಟೈಲ್ಸಿನ ನಾಲ್ಕು ಮೂಲೆಗೂ ನಡುವಿಗೂ ಒಂದೊಂದು ಉಂಡೆ ಸಿಮೆಂಟು ಮೆತ್ತಿ ಗೋಡೆಗೆ ಒತ್ತಿದ್ದರು. ಉಂಡೆಗಳ ನಡುವೆ ಬರೀ ಗಾಳಿ.

“ಭಾಷಣದಾಗ ನೀವು ಗೆದ್ರಿ,” ಎಂದ ಗೌಂಡಿ. “ಗ್ವಾಡಿ ಕೇಳಲಿಲ್ಲ.”

ವಾಕರ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಆಯಿ ನನ್ನನ್ನು ನೋಡಿದಳು. “ಎಮ್ಮಿ ಗೂಟ ಕಾಗದ ನೋಡಿ ಹೂಳ್ತೇವೇನ ಬೇ? ಎಮ್ಮಿ ಎಲ್ಲಿ ನಿಲ್ಲತೈತಿ ನೋಡಬೇಕ.” ಹಾಗೆಂದವಳೇ ಬಚ್ಚಲಿನ ಸ್ಟೂಲಿನ ಮೇಲೆ ಕೂತಳು. ಏಳಲು ಹೋದಾಗ ಆಕೆಯ ಕೈ ಬಿದ್ದದ್ದು ನನ್ನ ಚುಕ್ಕೆಗಿಂತ ಒಂದು ಗೇಣು ಕೆಳಗೆ. ಗೌಂಡಿ ಅಲ್ಲಿ ತಟ್ಟಿದ. ಈ ಸಲ ನಾನು ಗೋಡೆಗೆ ಕಿವಿ ಇಟ್ಟೆ. ಫರಕು ಇತ್ತು, ಇಲ್ಲಿ ಸಪ್ಪಳ ಗಟ್ಟಿ; ಆದರೂ ಒಪ್ಪಿಕೊಳ್ಳುವ ಮುಂಚೆ ಇನ್ನೆರಡು ಸಲ ತಟ್ಟಿಸಿದೆ.

ಹಿಡಿಕೆ ಕೂತ ಮೇಲೆ ಆಯಿ ಅದನ್ನು ಗೂಟದಂತೆ ಓರೆಯಾಗಿ ಎಡಕ್ಕೂ ಬಲಕ್ಕೂ ಜಗ್ಗಿದಳು. ಅಷ್ಟಕ್ಕೆ ನಂಬಲಿಲ್ಲ. “ವಾದ ಮಾಡಿದಾಕಿ ನೀನಲ್ಲಾ, ನೀನ ಮೊದಲ ಜೋತ ಬೀಳ.” ನಾನು ಮೊಣಕಾಲು ಮಡಚಿ ಜೋತುಬಿದ್ದೆ. ಅದು ಅಲುಗಲಿಲ್ಲ.

ಮರುದಿನ ಆಯಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಅವ್ವ ರೂಢಿಯಂತೆ ಟವೆಲ್ಲು ಹಿಡಿದು ಹೊರಗೆ ನಿಂತಳು, ನಾನೂ ನಿಂತೆ. ನೀರು ಸುರಿಯುವುದು ನಿಂತಿತು. ಸ್ಟೂಲು ಕಿರ್ರೆಂದಿತು.

“ಎದ್ದೇನಿ,” ಎಂದಿತು ಒಳಗಿನ ದನಿ. “ಹೋಗ್ರಿ, ನಿಮ್ಮ ನಿಮ್ಮ ಕೆಲಸ ನೋಡ್ರಿ.”