ಕೌಂಟರಮ್ಮನ ದೂರು

ಮೂವತ್ತೊಂದು ವರ್ಷ ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂತು, ಬಂದವರನ್ನೆಲ್ಲ ನಗುನಗುತ್ತಲೇ ಸಾಗಹಾಕಿದ ಹೆಂಗಸು ಆಕೆ. ಎಲ್ಲರ ಬಾಯಲ್ಲೂ ಕೌಂಟರಮ್ಮ. ಜಗಳಕ್ಕೆಂದೇ ತೋಳೇರಿಸಿಕೊಂಡು ಬಂದವರೂ ಕೊನೆಗೆ, 'ಪಾಪ, ಅವರಾದರೂ ಏನು ಮಾಡ್ತಾರೆ' ಎಂದು ಬರಿಗೈಯಲ್ಲಿ ಹೊರಟುಬಿಡುತ್ತಿದ್ದರು. ಅದೇನು ಸುಮ್ಮನೆ ಬರುವ ವಿದ್ಯೆಯಲ್ಲ ಬಿಡಿ.

ನಿವೃತ್ತಿಯ ದಿನ ಕಚೇರಿಯವರು ಗೋಡೆ ಗಡಿಯಾರ ಕೊಡಲು ಹೊರಟಿದ್ದರು. ಗಂಡನೇ ಗಡಿಯಾರ ರಿಪೇರಿಯವನು, ಮನೆಯ ಗೋಡೆಯಲ್ಲಿ ಮೊಳೆ ಹೊಡೆಯಲು ಜಾಗವಿಲ್ಲ. ಆಕೆ ಸಂಕೋಚವನ್ನೆಲ್ಲ ಬದಿಗಿಟ್ಟು ಬಾಯಿಬಿಟ್ಟು ಕೇಳಿದ್ದು ಗೇಮ್ ಕನ್ಸೋಲ್! ಅಕ್ಕನ ಮಗಳ ಮನೆಯಲ್ಲಿ ಅದರ ರುಚಿ ನೋಡಿ ಬಂದಿದ್ದಳು. ಅದು ಮನೆಗೆ ಬಂದಂದಿನಿಂದ ಮಧ್ಯಾಹ್ನದ ಊಟ ಮುಗಿಯುವುದೇ ತಡ, ಟಿವಿಯ ಮುಂದೆ ಕಾರು ಓಟ ಶುರು. ಅಡ್ಡ ಬಂದ ಕಾರುಗಳಿಗೆ ಅವಳು ಬೈಯುತ್ತಿದ್ದ ಬೈಗುಳ ಕೇಳಿ ಪಕ್ಕದ ಮನೆಯವರು ಗಂಡ ಹೆಂಡಿರ ಜಗಳವೆಂದು ಎರಡು ಸಲ ಬಂದು ಬಾಗಿಲು ತಟ್ಟಿದ್ದುಂಟು. ಗಂಡನೋ, ಪಕ್ಕದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿರುತ್ತಿದ್ದ.

ಹೀಗೆ ವರ್ಷ ತುಂಬುತ್ತಾ ಬಂದಾಗ, ಒಂದು ಸೋಮವಾರ, ಆಟದ ನಡುವೆಯೇ ಪರದೆ ಕಪ್ಪಾಯಿತು. ಡಬ್ಬದ ಮೇಲೆ ಕೆಂಪು ದೀಪ ಮಿಣುಕತೊಡಗಿತು. ಬಿಲ್ ಹುಡುಕಿ ನೋಡಿದಳು. ವಾರಂಟಿ ಶನಿವಾರಕ್ಕೆ ಮುಗಿಯುತ್ತದೆ! ಆಮೇಲೆ ರಿಪೇರಿಗೆ ಕೊಡುವುದೂ ಒಂದೇ, ಹೊಸದು ಕೊಳ್ಳುವುದೂ ಒಂದೇ.

ಗಂಡ ಸ್ಕ್ರೂಡ್ರೈವರ್ ಹಿಡಿದು ಬಂದ. "ಕೊಡು ಇಲ್ಲಿ, ಒಂದ್ಸಲ ಬಿಚ್ಚಿ ನೋಡ್ತೀನಿ."

"ಸೀಲ್ ಒಡೆದ್ರೆ ವಾರಂಟಿ ಹೋಯ್ತು. ಕೈ ಹಚ್ಚಿದ್ರೆ ನೋಡಿ ಮತ್ತೆ!"

ಅವನು ಸ್ಕ್ರೂಡ್ರೈವರನ್ನು ಜೇಬಿಗಿಳಿಸಿ ತೆಪ್ಪಗೆ ಹೋದ.

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದಳು. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿ, ಕೊನೆಗೊಬ್ಬಳು ಹುಡುಗಿ ಸಿಕ್ಕಳು.

"ಪ್ಲಗ್ ತೆಗೆದು, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ ನೋಡಿದ್ರಾ ಮೇಡಂ?"

ಕೌಂಟರಮ್ಮನಿಗೆ ಸಿಟ್ಟು ಬರಬೇಕಿತ್ತು. ಬಂದಿದ್ದು ನಗು. 'ನಲ್ಲಿ ಪೂರ್ತಿ ತಿರುಗಿಸಿ ನೋಡಿದ್ರಾ' ಎಂದು ಅವಳೇ ಎಷ್ಟು ಸಾವಿರ ಜನರನ್ನು ಮನೆಗೆ ಅಟ್ಟಿರಲಿಲ್ಲ! ಮಂಗಳವಾರ ಬಿಲ್ಲಿನ ಫೋಟೋ ಕಳಿಸಿ ಎಂದರು. ಬುಧವಾರ ಫೋಟೋ ಸ್ಪಷ್ಟವಾಗಿಲ್ಲ ಎಂದರು. ನೀಲಿ ಶಾಯಿಯಲ್ಲಿ ಬರೆದದ್ದಕ್ಕೇ ಅರ್ಜಿ ವಾಪಸು ಕೊಟ್ಟವಳು ಇವಳು. "ಅಬ್ಬಬ್ಬಾ, ಹುಡುಗಿ ಚೆನ್ನಾಗಿ ಪಳಗಿದಾಳೆ ಕಣ್ರೀ" ಎಂದು ಗಂಡನ ಮುಂದೆ ಹೊಗಳಿದಳು.

ಆದರೆ ಯಾವ ಬೀಗಕ್ಕೆ ಯಾವ ಕೀಲಿ ಎನ್ನುವುದೂ ಅವಳಿಗೆ ಗೊತ್ತಿತ್ತು. ಕೂಗಾಡುವವರನ್ನು ಸಾಗಹಾಕುವುದು ಸುಲಭ. ನಗುತ್ತಾ ಬೆಂಚಿನ ಮೇಲೆ ಕೂತುಬಿಡುವವರಿದ್ದಾರಲ್ಲ, ಅವರ ಮುಂದೆ ಆಟ ನಡೆಯುವುದಿಲ್ಲ. ಗುರುವಾರ ಬಟಾಣಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಫೋನ್ ಮಾಡಿದಳು.

"ನೋಡು ತಾಯಿ, ನನಗೇನೂ ಅವಸರ ಇಲ್ಲ. ನೀನು ಊಟ ಮಾಡೋದಿದ್ರೆ ಮಾಡ್ಕೊಂಡು ಬಾ. ನಾನು ಮಾತ್ರ ಫೋನ್ ಇಡಲ್ಲ."

ಒಂದೂವರೆ ಗಂಟೆ ಬಟಾಣಿ ಸುಲಿಯುತ್ತಾ, ಒಡೆದ ಪೈಪುಗಳ ಮೂವತ್ತೊಂದು ವರ್ಷದ ಕಥೆ ಹೇಳಿದಳು. ಹತ್ತನೇ ವರ್ಷಕ್ಕೆ ಬರುವಷ್ಟರಲ್ಲಿ ಹುಡುಗಿ ಕೈ ಮುಗಿಯುವ ದನಿಯಲ್ಲಿ, "ಮೇಡಂ, ಮೇಲಿನವರಿಗೆ ಕಳಿಸಿದೀನಿ, ನಿಜವಾಗ್ಲೂ ಕಳಿಸಿದೀನಿ. ನಾಳೆ ಫೋನ್ ಬರುತ್ತೆ. ಈಗ ದಯವಿಟ್ಟು ಇಡ್ತೀರಾ?" ಎಂದಳು.

ಶುಕ್ರವಾರ ಇಡೀ ದಿನ ಕಾದರೂ ಫೋನ್ ಬರಲಿಲ್ಲ. ಶನಿವಾರ ಬೆಳಿಗ್ಗೆ ಅವಳೇ ಮಾಡಿದಳು.

"ನಿಮ್ಮ ದೂರು ನಿನ್ನೆ ಕ್ಲೋಸ್ ಆಗಿದೆಯಲ್ಲ ಮೇಡಂ!"

"ಯಾರಮ್ಮಾ ಕ್ಲೋಸ್ ಮಾಡಿದ್ದು?"

"ಹತ್ತೂಕಾಲಿಗೆ ನಿಮ್ಮ ನಂಬರಿಗೇ ಫೋನ್ ಮಾಡಿದ್ವಿ. ಯಾರೋ ಗಂಡಸ್ರು ತಗೊಂಡ್ರು. ಎಲ್ಲಾ ಸರಿಹೋಗಿದೆ, ಇನ್ನು ಫೋನ್ ಮಾಡಬೇಡಿ ಅಂದ್ರಂತೆ."

ಹತ್ತೂಕಾಲು. ಆಕೆ ಸ್ನಾನಕ್ಕೆ ಹೋಗಿದ್ದ ಹೊತ್ತು. ಮೆಲ್ಲಗೆ ತಿರುಗಿದಳು. ಗಂಡ ಕುರ್ಚಿಯಲ್ಲಿ ಪೇಪರನ್ನು ಮುಖ ಮುಚ್ಚುವಷ್ಟು ಮೇಲಕ್ಕೆತ್ತಿ ಹಿಡಿದಿದ್ದ.

"ರೀ! ನಿಮಗೇನ್ರೀ ಬಂದಿತ್ತು ದೊಡ್ಡ ರೋಗ?"

ಪೇಪರ್ ಕೆಳಗಿಳಿಯಿತು. "ಒಂದ್ ವರ್ಷದಿಂದ ಪಕ್ಕದಲ್ಲೇ ಕೂತಿದೀನಿ. ನೀವೂ ಒಂದ್ ಕೈ ನೋಡ್ತೀರಾ ಅಂತ ಒಂದ್ ದಿನನಾದ್ರೂ ಕೇಳಿದ್ಯೇನೇ?"

"ಬಾಯಿಬಿಟ್ಟು ಹೇಳಬಾರ್ದಿತ್ತಾ?"

"ನಾಲ್ಕು ಸಲ ಹೇಳಿದೀನಿ. ನಾಲ್ಕು ಸಲನೂ ನಗ್ತಾ ನಗ್ತಾ, ನಾಳೆ ನೋಡೋಣ ಅಂದೆ."

ಅವಳು ನೆನಪು ಮಾಡಿಕೊಳ್ಳಲು ನೋಡಿದಳು. ನಾಲ್ಕರಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಕಟ್ಟಿಕೊಂಡ ಗಂಡನನ್ನೂ, ತನಗೇ ಗೊತ್ತಾಗದ ಹಾಗೆ ಸಾಗಹಾಕಿದ್ದಳು. ಅವಳಿಗೆ ನಿಜಕ್ಕೂ ನಾಚಿಕೆಯಾಯಿತು.

"ಮೇಡಂ, ಲೈನಲ್ಲಿದೀರಾ?" ಹುಡುಗಿ ಇನ್ನೂ ಕಾಯುತ್ತಿದ್ದಳು. "ದೂರನ್ನ ಮತ್ತೆ ತೆಗೀಬೇಕಂದ್ರೆ ಕಾರಣ ಹಾಕ್ಬೇಕು. ಏನಂತ ಬರೀಲಿ?"

ಕಾರಣಗಳಿಗೇನು ಬರ? ಒಂದು ಕೇಳಿದರೆ ಹತ್ತು ಕೊಡುತ್ತಿದ್ದವಳು. ಇವತ್ತು ಕೊಟ್ಟಿದ್ದು ಒಂದೇ.

"ತಪ್ಪು ನಂದೇ ಅಂತ ಬರ್ಕೋ ತಾಯಿ."

ಹುಡುಗಿ ಬರೆದುಕೊಂಡಳು. ಸಂಜೆ ಐದಕ್ಕೆ, ವಾರಂಟಿಗೆ ಇನ್ನೂ ಉಸಿರಿದ್ದಾಗಲೇ, ಕಂಪನಿಯ ಮನುಷ್ಯ ಬಂದು ಡಬ್ಬವನ್ನು ಪ್ಯಾಕ್ ಮಾಡಿ ರಸೀದಿ ಮುಂದೆ ಹಿಡಿದ. ಕೆಳಗೆ 'ದೂರುದಾರರ ಸಹಿ' ಎಂದಿತ್ತು. ಕೌಂಟರಮ್ಮ ಪೆನ್ನು ತೆಗೆದುಕೊಂಡಳು. ಆಮೇಲೆ ಅದನ್ನು ಗಂಡನ ಕೈಗೆ ಕೊಟ್ಟಳು.

"ಸಹಿ ಹಾಕಿ. ದೂರು ನಿಮ್ದೇ ಅಲ್ವಾ."

ಅವನು ಕನ್ನಡಕ ಏರಿಸಿ ರಸೀದಿಯನ್ನು ಮೇಲಿಂದ ಕೆಳಗೆ ಓದಿದ. ಸಹಿ ಹಾಕಿದ. ಪಕ್ಕದಲ್ಲಿ ಷರಾ ಬರೆಯಲು ಖಾಲಿ ಜಾಗವಿತ್ತು. ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆದ: 'ಒಂದು ವರ್ಷದಿಂದ ಬಾಕಿ ಇದೆ. ತುರ್ತು.'