ಕೊಂಡಮ್ಮನ ಜ್ವರದ ಪಥ್ಯ

ನನ್ನ ಮೈದುನ ಬಯ್ಯಪ್ಪನ ಹೆಂಡತಿ ಕೊಂಡಮ್ಮ ವಿದುರಾಶ್ವತ್ಥದ ಕಡೆಯವಳು. ಐವತ್ತೆಂಟನೇ ಇಸವಿಯಲ್ಲಿ ಶಿಡ್ಲಘಟ್ಟದ ಪಕ್ಕದ ನಮ್ಮೂರಿಗೆ ಸೊಸೆಯಾಗಿ ಬಂದಳು. ತವರಲ್ಲಿ ಕಡಲೆಕಾಯಿ ಬೆಳೆಯೋರು. ರೇಷ್ಮೆ ಹುಳ ಅವಳು ಕಂಡಿದ್ದೇ ನಮ್ಮ ಮನೆಯಲ್ಲಿ. ಅಷ್ಟರಲ್ಲಿ ನನಗೆ ಎರಡನೇ ಹೆರಿಗೆಯಾಯ್ತು. ಅತ್ತೆ ಅಕ್ಕಯ್ಯಮ್ಮ ಬಾಣಂತನಕ್ಕೆ ನಿಂತರು, ಹುಳದ ಮನೆ ಕೊಂಡಮ್ಮನ ಪಾಲಿಗೆ ಬಂತು.

"ಹುಷಾರು ಕಣಮ್ಮ. ಹುಳ ಕೆಟ್ರೆ ಇನ್ನ ಆ ಬಾಗಿಲು ದಾಟ್‌ಬೇಡ" ಅಂದಿದ್ದರು ಅತ್ತೆ.

ಒಂದು ದಿನ ಹುಳದ ತಟ್ಟೆ ಇಣುಕಿ, "ಹುಳಕ್ಕೆ ಜ್ವರ" ಅಂದು ಹೋದರು. ಹುಳ ಪೊರೆ ಬಿಡೋಕೆ ಮೇವು ಬಿಟ್ಟು ಮಲಗಿದರೆ ನಮ್ಮ ಕಡೆ ಜ್ವರ ಅಂತಾರೆ. ಅದು ಕೊಂಡಮ್ಮನಿಗೆ ಏನು ಗೊತ್ತು? ಜ್ವರ ಅಂದಮೇಲೆ ಪಥ್ಯ ಬೇಕಲ್ಲ ಅಂತ, ಹುಳ ಎದ್ದಮೇಲೆ ಹೊಂಗೆಮರದ ಕೆಳಗಿನ ಹಿಪ್ಪುನೇರಳೆ ಸೊಪ್ಪು ಕುಯ್ದು ತಂದಳು. ಅಲ್ಲಿ ಜೌಗು ಮಣ್ಣು, ಬಿಸಿಲು ಬೀಳಲ್ಲ. ಎಲೆ ಅಗಲ, ತೆಳು, ಬರೀ ನೀರು. ತಿಂದ ಹುಳ ಮೈ ಬಿಟ್ಟು ಜೋತುಬಿದ್ದವು.

"ಯಾರ ತೋಟದ ಸೊಪ್ಪೇ ಇದು?"

"ನಮ್ದೇ ಅತ್ತೆ. ಜ್ವರ ಅಂದ್ರಲ್ಲ, ಗಂಜಿ ಹಂಗೆ ಮೆತ್ತಗಿರ್ಲಿ ಅಂತ."

ನಾನು ಹಸಿ ಬಾಣಂತಿ, ಹೊಟ್ಟೆ ಹಿಡಕೊಂಡು ನಕ್ಕೆ. ಅತ್ತೆ ನಗಲಿಲ್ಲ.

ಕೊಂಡಮ್ಮ ಅಳುತ್ತಾ ಕೂರಲಿಲ್ಲ. ಕೆಟ್ಟ ಹುಳ ಆರಿಸಿ ತೆಗೆದು, ಸುಣ್ಣದ ಪುಡಿ ಉದುರಿಸಿ, ಕೆಮ್ಮಣ್ಣಿನ ದಿಬ್ಬದ ಸೊಪ್ಪು ತಂದು ಹಾಕಿದಳು. ಅದು ದಿನವಿಡೀ ಬಿಸಿಲು ತಿಂದ ಎಲೆ, ಚಿಕ್ಕದು, ದಪ್ಪ. ಉಳಿದ ಹುಳ ಚೇತರಿಸಿಕೊಂಡು ಬಿದಿರು ಹೆಣೆದ ಚಂದ್ರಿಕೆ ಹತ್ತಿ ಗೂಡು ಕಟ್ಟಿದವು.

ಆದರೂ ಹುಳದ ಮನೆಯ ಬೀಗದ ಕೈ ಅತ್ತೆಯ ಸೊಂಟದಲ್ಲೇ. "ಹೊಂಗೆ ಕೆಳಗಿಂದು ಕೆಟ್ಟ ಜಾತಿ, ಕಿತ್ತು ಬಿಸಾಕೋ" ಅಂತ ಬಯ್ಯಪ್ಪನಿಗೆ ಹೇಳಿದರು.

ಕೊಂಡಮ್ಮ ಮೆಲ್ಲಗೆ, "ಎಲ್ಲಾ ಒಂದೇ ಗಿಡದ ಕಡ್ಡಿ ಅಂತ ನೀವೇ ಅಂದಿದ್ರಿ ಅತ್ತೆ. ಬಿಸಿಲು ಕಾಣದೆ ಹಂಗಾಗಿದೆ. ಅದರ ಕಡ್ಡಿ ದಿಬ್ಬದಲ್ಲಿ ನೆಟ್ಟು ನೋಡಣ" ಅಂದಳು.

ನೆಟ್ಟಳು. ಮುಂದಿನ ಮಳೆಗಾಲ ಕಳೆದಮೇಲೆ ಅತ್ತೆ ಆ ಗಿಡದ್ದೊಂದು, ದಿಬ್ಬದ ಹಳೆ ಗಿಡದ್ದೊಂದು ಎಲೆ ಕಿತ್ತು ಅಂಗೈಲಿಟ್ಟು ತಿರುಗಿಸಿ ತಿರುಗಿಸಿ ನೋಡಿದರು. ಯಾವುದು ಯಾವುದೋ ಅವರಿಗೇ ತಿಳಿಯಲಿಲ್ಲ. ಸೊಂಟದ ಬೀಗದ ಕೈ ಬಿಚ್ಚಿ ಕೊಂಡಮ್ಮನ ಸೆರಗಿಗೆ ಕಟ್ಟಿದರು.

ಅರವತ್ತಾರನೇ ಇಸವಿಯಲ್ಲಿ ನಮ್ಮ ಯಜಮಾನರು ತೀರಿಹೋದರು. ನನ್ನ ಮಕ್ಕಳು ಉಂಡು ಬೆಳೆದಿದ್ದು ಆ ಹುಳದ ಮನೆಯ ಅನ್ನ. ಅದು ನನ್ನ ಮನಸ್ಸಿಂದ ಹೋಗಲ್ಲ. ತಮಾಷೆ ಮಾತ್ರ ನಾನು ಬಿಟ್ಟವಳಲ್ಲ.

"ಹುಳಕ್ಕೆ ಜ್ವರ ಕಣೇ ಕೊಂಡಮ್ಮ, ಗಂಜಿಗಿಟ್ಯಾ?"

"ನಿನಗೇ ಇಟ್ಟಿದೀನಿ ಬಾ ಅಕ್ಕ, ಬಿಸಿಯಾಗಿದೆ" ಅನ್ನೋಳು.